ಐನೂರು ಕೊಟ್ಟವರ ಹೆಸರು, ಕೋಟಿ ಕೊಟ್ಟವರ ಹೆಸರು

ರಾಷ್ಟ್ರೀಯ ಪಕ್ಷಗಳ ಹಣಬಲದ ಮುಂದೆ ರಾಜ್ಯದ ರಾಜಕಾರಣ ಸೊರಗುತ್ತಿದೆ, ಪ್ರಾದೇಶಿಕ ಪಕ್ಷಗಳಿಗೆ ಸರ್ಕಾರವೇ ಚುನಾವಣಾ ವೆಚ್ಚ ಕೊಟ್ಟರೆ ಸರಿಹೋದೀತೇ ಎಂದು ಕೇಳಿದ್ದೀರಿ. ಬೊಕ್ಕಸದ ಬಾಗಿಲು ತೆರೆಯುವುದಕ್ಕೆ ಮುಂಚೆ ಆಗಬೇಕಾದ ಕೆಲಸಗಳಿವೆ ಎಂಬುದು ನನ್ನ ಉತ್ತರ. ಹಾಗೆ ಅನ್ನಿಸಿದ್ದು ಒಂದು ರಶೀದಿ ಪುಸ್ತಕದಿಂದ.

2016ರ ಫೆಬ್ರುವರಿಯ ತಾಲ್ಲೂಕು ಪಂಚಾಯತಿ ಚುನಾವಣೆಯಲ್ಲಿ ನಮ್ಮ ಕ್ಷೇತ್ರದಿಂದ ನಿವೃತ್ತ ಶಿಕ್ಷಕಿಯೊಬ್ಬರು ಪಕ್ಷೇತರರಾಗಿ ನಿಂತಿದ್ದರು. ಅವರ ಲೆಕ್ಕ ಬರೆಯುವ ಹೊಣೆ ನನ್ನದು. ಒಂದು ಸಂಜೆ ಗೊಬ್ಬರದ ಅಂಗಡಿಯವರು ಗಲ್ಲಾಪೆಟ್ಟಿಗೆಯಿಂದ ಐನೂರರ ನೋಟು ತೆಗೆದು ಕೊಟ್ಟರು. ನಾನು ಕಾರ್ಬನ್ ಹಾಳೆ ಸರಿಪಡಿಸಿ ಹೆಸರು ಬರೆಯಲು ಹೊರಟಾಗ ಪುಸ್ತಕದ ಮೇಲೆ ಕೈಯಿಟ್ಟರು. “ನನ್ನ ಹೆಸರು ಬೇಡ. ನಾಳೆ ಲೈಸೆನ್ಸ್ ನವೀಕರಣಕ್ಕೆ ಟೀಚರ್ ಎದುರು ನಿಂತವರ ಕಡೆಯವರ ಹತ್ತಿರವೇ ಹೋಗಬೇಕು” ಎಂದರು. ಆ ಪುಸ್ತಕದಲ್ಲಿ ‘ಹಿತೈಷಿ’ ಎಂದು ಹರಿದ ರಶೀದಿಗಳೇ ಹೆಚ್ಚು. ಟೀಚರ್ ಸೋತರು, ಆದರೆ ಆ ಅಂಗಡಿಯವರ ಅಂಜಿಕೆಯನ್ನು ನಾನು ಇಂದಿಗೂ ಮರೆತಿಲ್ಲ.

ಎರಡು ವರ್ಷಗಳ ನಂತರ, 2018ರ ಜನವರಿಯಲ್ಲಿ ಚುನಾವಣಾ ಬಾಂಡ್ ಯೋಜನೆ ಜಾರಿಗೆ ಬಂತು: ಬ್ಯಾಂಕಿನಿಂದ ಬಾಂಡ್ ಕೊಂಡು, ಹೆಸರು ಬಹಿರಂಗವಾಗದಂತೆ ಪಕ್ಷಕ್ಕೆ ದೇಣಿಗೆ ಕೊಡುವ ವ್ಯವಸ್ಥೆ. ದೇಣಿಗೆ ಕೊಟ್ಟವರಿಗೆ ಎದುರಾಳಿಗಳಿಂದ ಕಿರುಕುಳ ಆಗಬಾರದು ಎಂಬುದು ಸರ್ಕಾರ ಕೊಟ್ಟ ಕಾರಣಗಳಲ್ಲೊಂದು. ನನಗೆ ಥಟ್ಟನೆ ನೆನಪಾದದ್ದು ಗೊಬ್ಬರದ ಅಂಗಡಿ. ಆದರೆ ಬಾಂಡ್ ಪಡೆಯಲು ಅರ್ಹತೆಯಿದ್ದದ್ದು ಹಿಂದಿನ ಲೋಕಸಭೆ ಅಥವಾ ವಿಧಾನಸಭೆ ಚುನಾವಣೆಯಲ್ಲಿ ಕನಿಷ್ಠ ಶೇಕಡಾ 1ರಷ್ಟು ಮತ ಗಳಿಸಿದ ನೋಂದಾಯಿತ ಪಕ್ಷಗಳಿಗೆ ಮಾತ್ರ. ಪಕ್ಷೇತರರಿಗೆ ಅಲ್ಲಿ ಜಾಗವೇ ಇರಲಿಲ್ಲ. ಅದಕ್ಕೂ ಮುನ್ನ, 2017ರಲ್ಲಿ, ಕಂಪನಿಯೊಂದು ತನ್ನ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 7.5ಕ್ಕಿಂತ ಹೆಚ್ಚು ದೇಣಿಗೆ ಕೊಡುವಂತಿಲ್ಲ ಎಂಬ ಮಿತಿಯನ್ನೂ ತೆಗೆದುಹಾಕಿದ್ದರು. ಹೆದರುವವನಿಗೆ ಸಿಗಬೇಕಾಗಿದ್ದ ಮರೆ ಕೋಟಿ ಕೊಡುವವನಿಗೆ ಸಿಕ್ಕಿತು.

2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಈ ಯೋಜನೆಯನ್ನು ಅಸಾಂವಿಧಾನಿಕ ಎಂದು ರದ್ದುಪಡಿಸಿತು. ಕಂಪನಿಗಳ ಮಿತಿ ತೆಗೆದದ್ದೂ ಬಿದ್ದುಹೋಯಿತು. ಆಮೇಲೆ ಹೊರಬಂದ ಪಟ್ಟಿಯನ್ನು ನೀವು ಒಮ್ಮೆ ನೋಡಬೇಕು. ಬಿಜೆಪಿಗೆ ಸುಮಾರು 6,000 ಕೋಟಿ ರೂಪಾಯಿ ಸಂದಿತ್ತು, ನಿಜ. ಆದರೆ ಎರಡನೆಯ ಸ್ಥಾನದಲ್ಲಿದ್ದದ್ದು ಸುಮಾರು 1,600 ಕೋಟಿ ಪಡೆದ ಪಶ್ಚಿಮ ಬಂಗಾಳದ ತೃಣಮೂಲ ಕಾಂಗ್ರೆಸ್. ತೆಲಂಗಾಣದ ಬಿಆರ್‌ಎಸ್ 1,200 ಕೋಟಿ ದಾಟಿತ್ತು. ಒಡಿಶಾದ ಬಿಜೆಡಿ, ತಮಿಳುನಾಡಿನ ಡಿಎಂಕೆ ಕೂಡ ನೂರಾರು ಕೋಟಿಯ ಸಾಲಿನಲ್ಲಿದ್ದವು. ಅಧಿಕಾರ ಎಲ್ಲಿದೆಯೋ ಹಣ ಅತ್ತ ಹರಿಯುತ್ತದೆ, ಅದು ದೆಹಲಿಯಾಗಲಿ ರಾಜ್ಯದ ರಾಜಧಾನಿಯಾಗಲಿ. ಹಾಗಾಗಿ ಪ್ರಾದೇಶಿಕ ಪಕ್ಷದ ಜೇಬು ತುಂಬಿದರೆ ಪ್ರಾದೇಶಿಕ ಪ್ರಜಾಪ್ರಭುತ್ವ ಗಟ್ಟಿಯಾಗುತ್ತದೆ ಎಂಬ ನಿಮ್ಮ ಪ್ರಶ್ನೆಯ ಒಳಗಿನ ನಂಬಿಕೆಯನ್ನು ನಾನು ಒಪ್ಪಲಾರೆ.

ದೇಣಿಗೆಯ ನಿಯಮ ನನ್ನ ಕೈಯಲ್ಲಿದ್ದರೆ ಐನೂರು, ಸಾವಿರ ಕೊಡುವವರ ಹೆಸರನ್ನು ಕಾಪಾಡುತ್ತೇನೆ, ದೊಡ್ಡ ಮೊತ್ತದ ಹೆಸರುಗಳನ್ನು ಮತದಾನಕ್ಕೆ ಮೊದಲೇ ಪ್ರಕಟಿಸುತ್ತೇನೆ. ಈಗಲೂ 20,000 ರೂಪಾಯಿಗಿಂತ ಹೆಚ್ಚು ಕೊಟ್ಟವರ ವಿವರವನ್ನು ಪಕ್ಷಗಳು ಚುನಾವಣಾ ಆಯೋಗಕ್ಕೆ ಸಲ್ಲಿಸಲೇಬೇಕು. ತೊಂದರೆಯೆಂದರೆ ಅದು ವಾರ್ಷಿಕ ವರದಿ. ಮತದಾರನ ಕಣ್ಣಿಗೆ ಬೀಳುವ ಹೊತ್ತಿಗೆ ಚುನಾವಣೆ ಮುಗಿದು ಸರ್ಕಾರವೂ ರಚನೆಯಾಗಿರಬಹುದು. ಹೆಸರು ಮುಚ್ಚಿಡಲು ಪಕ್ಷಗಳಿಗಿರುವ ಇನ್ನೊಂದು ದಾರಿ, ದೊಡ್ಡ ಮೊತ್ತವನ್ನು 20,000ದ ಒಳಗಿನ ತುಂಡುಗಳಾಗಿ ಒಡೆದು ತೋರಿಸುವುದು. ಇದನ್ನು ತಡೆಯಲು ಕಾನೂನು ಆಯೋಗ 2015ರ ತನ್ನ 255ನೆಯ ವರದಿಯಲ್ಲೇ ಉಪಾಯ ಹೇಳಿದೆ: ಇಂಥ ಸಣ್ಣ ದೇಣಿಗೆಗಳ ಒಟ್ಟು ಮೊತ್ತ 20 ಕೋಟಿ ಅಥವಾ ಪಕ್ಷದ ಒಟ್ಟು ದೇಣಿಗೆಯ ಶೇಕಡಾ 20, ಇವೆರಡರಲ್ಲಿ ಕಡಿಮೆ ಯಾವುದೋ ಅದನ್ನು ಮೀರಿದರೆ ಅವುಗಳ ವಿವರವನ್ನೂ ಕೊಡಬೇಕು. ಜೊತೆಗೆ ಪಕ್ಷದ ಖರ್ಚಿಗೂ ಮಿತಿ ಬೇಕು. ವಿಧಾನಸಭೆಗೆ ನಿಂತ ಅಭ್ಯರ್ಥಿಗೆ ನಮ್ಮ ರಾಜ್ಯದಲ್ಲಿ 40 ಲಕ್ಷದ ಮಿತಿಯಿದೆ. ಅವನ ಹಿಂದಿರುವ ಪಕ್ಷಕ್ಕೆ ಮಿತಿಯೇ ಇಲ್ಲ.

ತೆರಿಗೆಯ ವಿಷಯದಲ್ಲಿಯೂ ಒಂದು ಅನ್ಯಾಯವಿದೆ. ನೋಂದಾಯಿತ ಪಕ್ಷಕ್ಕೆ ಬ್ಯಾಂಕಿನ ಮೂಲಕ ಕೊಟ್ಟ ದೇಣಿಗೆಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗುತ್ತದೆ. ನಮ್ಮ ಟೀಚರ್‌ಗೆ ಕೊಟ್ಟವರಿಗೆ ಸಿಗುವುದಿಲ್ಲ.

ಆದರೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುವುದು ಬೇರೆಯದು. ಟೀಚರ್ ಸ್ಪರ್ಧಿಸಿದ್ದ ಆ ತಾಲ್ಲೂಕು ಪಂಚಾಯತಿಯ ಅವಧಿ 2021ರಲ್ಲಿ ಮುಗಿಯಿತು. ಅವಧಿ ಮುಗಿಯುವುದರೊಳಗೆ ಹೊಸ ಚುನಾವಣೆ ನಡೆದಿರಬೇಕು ಎಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ನಡೆಯಲಿಲ್ಲ. ಜಿಲ್ಲಾ ಪಂಚಾಯತಿಗಳಲ್ಲೂ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ಕುಳಿತರು. ಬೆಂಗಳೂರಿನ ಪಾಲಿಕೆಗೆ 2015ರಲ್ಲಿ ಆಯ್ಕೆಯಾದವರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿದು, ಅಲ್ಲಿಯೂ ಇದೇ ಕಥೆ. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯದ ದಾವೆ ಎಂದು ಕಾರಣಗಳು ಬದಲಾಗುತ್ತಾ ಹೋದವು. ಸರ್ಕಾರ ನಡೆಸುವ ಪಕ್ಷ ಬದಲಾದರೂ ವಿಳಂಬ ಬದಲಾಗಲಿಲ್ಲ. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ, ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಛಲದಿಂದ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆಸಿ ದೇಶಕ್ಕೇ ದಾರಿ ತೋರಿಸಿದ ರಾಜ್ಯ ಇದು. ದೆಹಲಿ ನಮ್ಮ ಅಧಿಕಾರ ಕಿತ್ತುಕೊಳ್ಳುತ್ತಿದೆ ಎಂದು ವಿಧಾನಸೌಧದಲ್ಲಿ ದನಿಯೆತ್ತುವವರು ತಾಲ್ಲೂಕಿನ ಅಧಿಕಾರವನ್ನು ತಮ್ಮ ಮುಷ್ಟಿಯಲ್ಲೇ ಇಟ್ಟುಕೊಂಡರೆ ಆ ದನಿಗೆ ಬೆಲೆ ಎಲ್ಲಿಂದ ಬರಬೇಕು?

ಇದಕ್ಕೆ ನಾನು ಕೇಳುವ ಬದಲಾವಣೆ ಚಿಕ್ಕದು. ಮೀಸಲಾತಿ ನಿಗದಿ ಮತ್ತು ಕ್ಷೇತ್ರ ವಿಂಗಡಣೆ ಎರಡೂ ರಾಜ್ಯ ಸರ್ಕಾರದ ಕೈ ಬಿಟ್ಟು ರಾಜ್ಯ ಚುನಾವಣಾ ಆಯೋಗಕ್ಕೆ ಹೋಗಬೇಕು. ಅವಧಿ ಮುಗಿಯುವ ಆರು ತಿಂಗಳ ಮುಂಚೆ ಪಟ್ಟಿ ಸಿದ್ಧವಾಗದಿದ್ದರೆ ಹಳೆಯ ಪಟ್ಟಿಯ ಮೇಲೆಯೇ ಚುನಾವಣೆ ನಡೆಯಬೇಕು.

ಇನ್ನು ಬೊಕ್ಕಸದಿಂದ ವೆಚ್ಚ ಕೊಡುವ ವಿಚಾರ. 1998ರಲ್ಲಿ ಇಂದ್ರಜಿತ್ ಗುಪ್ತ ಸಮಿತಿ ಅದನ್ನು ಒಪ್ಪಿತ್ತು, ಆದರೆ ನಗದಾಗಿ ಕೊಡದೆ ಸವಲತ್ತಿನ ರೂಪದಲ್ಲಿ, ಅದೂ ನಿಗದಿತ ಪ್ರಮಾಣದ ಮತ ಅಥವಾ ಸ್ಥಾನ ಗಳಿಸಿ ಚುನಾವಣಾ ಆಯೋಗದ ಮಾನ್ಯತೆ ಪಡೆದ ಪಕ್ಷಗಳಿಗೆ ಮಾತ್ರ ಎಂದಿತ್ತು. ಮಾನ್ಯತೆಯೇ ಅಳತೆಗೋಲಾದರೆ ಈಗಾಗಲೇ ಬೇರುಬಿಟ್ಟವರಿಗೆ ಇನ್ನಷ್ಟು ನೀರೆರೆದಂತಾಗುತ್ತದೆ. ನಾನಾದರೆ ಪಂಚಾಯತಿಯಿಂದ ಶುರು ಮಾಡುತ್ತೇನೆ: ಎಲ್ಲ ಅಭ್ಯರ್ಥಿಗಳ ಪರಿಚಯವಿರುವ ಒಂದೇ ಕರಪತ್ರವನ್ನು ಆಯೋಗವೇ ಅಚ್ಚು ಹಾಕಿಸಿ ಮನೆಮನೆಗೆ ತಲುಪಿಸಲಿ. ನಮ್ಮ ಟೀಚರ್‌ಗೆ ಬಂದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಹೋದದ್ದು ಕರಪತ್ರಕ್ಕೆ, ಅದೂ ಕೊನೆಯ ಎರಡು ಹಳ್ಳಿಗಳಿಗೆ ಸಾಲಲಿಲ್ಲ.