ಎಂಪಿ ಆಗದೆಯೇ ಸ್ವಿಸ್ ಸರ್ಕಾರ ಸೇರಿದ ರುತ್ ಡ್ರೈಫುಸ್

ಪ್ರಶ್ನೆ: ಸ್ವಿಟ್ಜರ್ಲೆಂಡಿನ ಮೊದಲ ಮಹಿಳಾ ಅಧ್ಯಕ್ಷೆ ಅಲ್ಲಿನ ಸಂಸತ್ತಿನ ಸದಸ್ಯೆಯೇ ಆಗಿರಲಿಲ್ಲವಂತೆ. ನೇರವಾಗಿ ಮಂತ್ರಿಯಾಗೋದು ಹೇಗೆ ಸಾಧ್ಯ? ಯಾರಾದರೂ ದೊಡ್ಡವರ ಕೃಪೆಯಾ?
– ಓದುಗರು, ಶಿವಮೊಗ್ಗ

ಉತ್ತರ: ಕೃಪೆ ಅಲ್ಲವೇ ಅಲ್ಲ. ರುತ್ ಡ್ರೈಫುಸ್ ಹುಟ್ಟಿದ್ದು 1940ರಲ್ಲಿ, ಸೇಂಟ್ ಗಾಲೆನ್‌ನ ಒಂದು ಯಹೂದಿ ಕುಟುಂಬದಲ್ಲಿ. ಪತ್ರಿಕೆಯಲ್ಲಿ ದುಡಿದರು, ಜಿನೀವಾದಲ್ಲಿ ಅರ್ಥಶಾಸ್ತ್ರ ಓದಿದರು, ವಿದೇಶಿ ನೆರವಿನ ಸರ್ಕಾರಿ ಇಲಾಖೆಯಲ್ಲಿದ್ದರು, 1981ರಿಂದ ಕಾರ್ಮಿಕ ಸಂಘಗಳ ಒಕ್ಕೂಟದ ಕಾರ್ಯದರ್ಶಿಯಾಗಿದ್ದರು.

ಅಲ್ಲಿ ಪ್ರಧಾನಿ ಅಂತ ಯಾರೂ ಇಲ್ಲ. ಏಳು ಮಂದಿಯ ಫೆಡರಲ್ ಕೌನ್ಸಿಲ್ಲೇ ಸರ್ಕಾರ. ಆ ಏಳು ಜನರನ್ನು ಸಂಸತ್ತಿನ 246 ಸದಸ್ಯರು ಗುಟ್ಟಿನ ಮತದಿಂದ ಆರಿಸುತ್ತಾರೆ, ಆದರೆ ಆಯ್ಕೆಯಾಗುವವರು ಸಂಸದರೇ ಆಗಿರಬೇಕು ಅನ್ನುವ ನಿಯಮವಿಲ್ಲ.

1993ರಲ್ಲಿ ಒಂದು ಸ್ಥಾನ ಖಾಲಿಯಾಯಿತು. ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಕ್ರಿಸ್ಟಿಯಾನ್ ಬ್ರುನ್ನರ್ ಎಂಬ ಮಹಿಳೆಯನ್ನು ನಿಲ್ಲಿಸಿತು. 1991ರ ಮಹಿಳಾ ಮುಷ್ಕರವನ್ನು ಮುಂದೆ ನಿಂತು ನಡೆಸಿದವರು. ಯಾರೋ ಹೆಸರಿಲ್ಲದ ಪತ್ರ ಬರೆದು ಅವರ ಖಾಸಗಿ ಬದುಕಿನ ಮೇಲೆ ಕೆಸರೆರಚಿದರು. ಮಾರ್ಚ್ 3ರಂದು ಸಂಸತ್ತು ಅವರನ್ನು ಬಿಟ್ಟು ಅದೇ ಪಕ್ಷದ ಫ್ರಾನ್ಸಿಸ್ ಮಾಥೆ ಎಂಬ ಪುರುಷನನ್ನು ಆರಿಸಿತು. ಹೆಂಗಸರಿಗೆ ದೇಶಮಟ್ಟದಲ್ಲಿ ಮತದ ಹಕ್ಕು ಸಿಕ್ಕಿದ್ದೇ 1971ರಲ್ಲಿ, ಅಲ್ಲಿಯವರೆಗೆ ಮಂತ್ರಿಯಾಗಿದ್ದ ಹೆಂಗಸು ಎಲಿಸಬೆತ್ ಕೊಪ್ ಒಬ್ಬರೇ, ಅವರೂ 1989ರಲ್ಲಿ ರಾಜೀನಾಮೆ ಕೊಟ್ಟಿದ್ದರು. ಸಿಟ್ಟು ಬರದೆ ಇರುತ್ತಾ? ಬರ್ನ್‌ನಲ್ಲಿ ಸಂಸತ್ತಿನ ಮುಂದಿನ ಚೌಕದಲ್ಲಿ ಸಾವಿರಾರು ಹೆಂಗಸರು ಸೇರಿದರು. ಮಾಥೆ ಯೋಚಿಸಲು ಒಂದು ವಾರ ಕೇಳಿದರು, ಕೊನೆಗೆ ಬೇಡವೆಂದರು.

ಆ ವಾರದಲ್ಲೇ ಪಕ್ಷ ಬ್ರುನ್ನರ್ ಜೊತೆಗೆ ಡ್ರೈಫುಸ್ ಹೆಸರನ್ನೂ ಇಟ್ಟಿತು. ಒಂದೇ ಕ್ಯಾಂಟನ್‌ನಿಂದ (ನಮ್ಮ ರಾಜ್ಯ ಇದ್ದಂತೆ) ಇಬ್ಬರು ಸರ್ಕಾರದಲ್ಲಿ ಇರುವಂತಿಲ್ಲ ಎಂಬ ನಿಯಮ ಆಗ ಇತ್ತು, ಬರ್ನ್‌ನಿಂದ ಅಡಾಲ್ಫ್ ಓಗಿ ಇದ್ದರು, ಹಾಗಾಗಿ ಬರ್ನ್‌ನಲ್ಲಿದ್ದ ಡ್ರೈಫುಸ್ ತಮ್ಮ ವಾಸದ ದಾಖಲೆಯನ್ನು ಅವಸರದಲ್ಲಿ ಜಿನೀವಾಕ್ಕೆ ಬದಲಾಯಿಸಿಕೊಂಡರು. ಮಾರ್ಚ್ 10ರಂದು ಬ್ರುನ್ನರ್ ತಾವೇ ಹಿಂದೆ ಸರಿದರು, ಮೂರನೇ ಸುತ್ತಿನಲ್ಲಿ ಡ್ರೈಫುಸ್ ಗೆದ್ದರು. ಇಬ್ಬರ ಉಡುಪಿನ ಮೇಲೂ ಸೂರ್ಯನ ಆಕಾರದ ಹೊಂಬಣ್ಣದ ಪಿನ್ ಇತ್ತು. ಆಮೇಲೆ ಅದು ಆ ಹೋರಾಟದ ಗುರುತೇ ಆಯಿತು.

ಬ್ರುನ್ನರ್‌ಗೆ ಬದಲಿಯಾಗಿ ಬಂದವರು ಅಂತ ಅವರನ್ನು ಕಡಿಮೆ ಮಾಡಿ ನೋಡುವುದು ನನಗೆ ಒಪ್ಪಿಗೆಯಿಲ್ಲ. ಸುಮಾರು ಹತ್ತು ವರ್ಷ ಗೃಹ ಇಲಾಖೆ ನೋಡಿಕೊಂಡರು. ಹೆಸರು ಗೃಹ ಆದರೂ ಅಲ್ಲಿ ಅದು ಆರೋಗ್ಯ, ಪಿಂಚಣಿಗಳ ಇಲಾಖೆ, ಪೊಲೀಸ್ ಅಲ್ಲ. ಎಲ್ಲರಿಗೂ ಆರೋಗ್ಯ ವಿಮೆ ಕಡ್ಡಾಯ ಮಾಡುವ ಕಾನೂನು 1994ರ ಜನಮತದಲ್ಲಿ ಪಾಸಾಗಿ 1996ರಲ್ಲಿ ಜಾರಿಗೆ ಬಂತು. ಹೆಂಗಸರ ನಿವೃತ್ತಿ ವಯಸ್ಸನ್ನು 62ರಿಂದ 64ಕ್ಕೆ ಏರಿಸುವ, ಅದರ ಜೊತೆಗೇ ಮಕ್ಕಳನ್ನು ಸಾಕಿದ ವರ್ಷಗಳನ್ನೂ ಪಿಂಚಣಿ ಲೆಕ್ಕಕ್ಕೆ ಸೇರಿಸುವ ತಿದ್ದುಪಡಿಯನ್ನು ಕಾರ್ಮಿಕ ಸಂಘಗಳೇ ವಿರೋಧಿಸಿದವು. ತಾವು ಬೆಳೆದು ಬಂದ ಬಳಗದ ಎದುರೇ ನಿಂತು ವಾದಿಸಬೇಕಾಗಿತ್ತು, ಸುಲಭವಾ ಅದು?

1999ರಲ್ಲಿ ಅಧ್ಯಕ್ಷೆಯಾದರು. ಅದು ಏಳು ಜನರ ನಡುವೆ ವರ್ಷಕ್ಕೊಮ್ಮೆ ಸುತ್ತುವ ಸ್ಥಾನ, ಜಾಸ್ತಿ ಅಧಿಕಾರವೇನೂ ಇಲ್ಲ. ಅದೇ ವರ್ಷ ಜೂನ್‌ನಲ್ಲಿ ಅವರು ಬಹಳ ಆಸೆಯಿಂದ ತಂದ ಹೆರಿಗೆ ವಿಮೆಯನ್ನು ಜನ ತಿರಸ್ಕರಿಸಿದರು. 2002ರ ಕೊನೆಗೆ ಸರ್ಕಾರ ಬಿಟ್ಟರು. ಹೆರಿಗೆ ರಜೆಯ ಭತ್ಯೆಗೆ ಜನಮತ ಸಿಕ್ಕಿದ್ದು 2004ರಲ್ಲಿ.