ಗೋದಲಿ ಮಾತು: ಈ ಸಲ ಬರೀ ಕಾಕಂಬಿ

ಕಬ್ಬು ನುರಿಸುವ ಹಂಗಾಮು ಬಂತೆಂದರೆ ಈ ಅಂಕಣಕ್ಕೆ ಕಾಕಂಬಿ ಪತ್ರಗಳೂ ಬರುತ್ತವೆ. ಕಾಕಂಬಿ ಅಂದರೆ ಸಕ್ಕರೆ ತೆಗೆದ ಮೇಲೆ ಕಾರ್ಖಾನೆಯಲ್ಲಿ ಉಳಿಯುವ ಕಪ್ಪು ಪಾಕ, ಮೊಲಾಸಿಸ್. ಈ ಸಲ ಐದು ಬಂದಿವೆ. ಐದನ್ನೂ ಒಂದೇ ಕಡೆ ಹಾಕಿದ್ದೇನೆ. ಮೊದಲಿನದಕ್ಕೆ ಉತ್ತರ ಉದ್ದ ಆಯಿತು, ಬೇಜಾರಾಗಬೇಡಿ.

ಡಾಕ್ಟರ್ ಸಾಹೇಬ್ರಿಗೆ ನಮಸ್ಕಾರ. ನಮ್ಮಲ್ಲಿ ಮೂರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಆಕಳು ಇವೆ, ಒಂದೊಂದು 10-12 ಲೀಟರ್ ಕೊಡುತ್ತವೆ. ಕಾಕಂಬಿ ಹಾಕಿದರೆ ಹಾಲು ಏರುತ್ತದೆ ಅಂತ ಗೆಳೆಯರೊಬ್ಬರು ಹೇಳಿದರು. ಒಂದು ಕ್ಯಾನ್ ತಂದೆ. ದಿನಾ ಬೆಳಿಗ್ಗೆ ಗೋವಿನಜೋಳದ ನುಚ್ಚಿಗೆ ಕಲಸಿ ಒಂದೊಂದಕ್ಕೆ ಎರಡು ಲೀಟರ್ ಹಾಕಿದೆ. ನಾಲ್ಕೈದು ದಿನ ಮುಕ್ಕಾಲು ಲೀಟರ್ ಹಾಲು ಏರಿತು. ಆಮೇಲೆ ಹಾಲಿನ ಫ್ಯಾಟ್ (ಕೊಬ್ಬಿನಂಶ) ನೂರಕ್ಕೆ 3.8 ಇದ್ದದ್ದು 3.1ಕ್ಕೆ ಬಂತು. ಸೆಗಣಿ ನೀರಾಗಿದೆ. ಒಂದು ಆಕಳು ಕಣಿಕೆ ಮೂಸಿ ಬಿಡುತ್ತದೆ. ಕಾಕಂಬಿ ಹಾಲು ಹೆಚ್ಚು ಮಾಡುತ್ತದೋ, ಕೆಡಿಸುತ್ತದೋ? (ಹಾವೇರಿ ತಾಲ್ಲೂಕು)

ಅಣ್ಣಾರೇ, ನೀವು ಎರಡು ಲೀಟರ್ ಅಂತ ಬರೆದಿದ್ದೀರಿ. ತೂಕ ಮಾಡಿ ನೋಡಿದ್ದೀರಾ? ಕಾಕಂಬಿ ನೀರಿನ ಹಾಗಲ್ಲ, ಒಂದು ಲೀಟರ್ ಹತ್ತಿರ ಹತ್ತಿರ 1.4 ಕೆಜಿ ತೂಗುತ್ತದೆ. ಅಂದರೆ ಒಂದೊಂದು ಆಕಳಿಗೆ ದಿನಕ್ಕೆ ಹೆಚ್ಚುಕಡಿಮೆ ಮೂರು ಕೆಜಿ ಹೋಗಿದೆ. ಅದರಲ್ಲಿ ಅರ್ಧದಷ್ಟು ಸಕ್ಕರೆ. ಅದೂ ಒಂದೇ ಹೊತ್ತಿಗೆ, ಅದೂ ನುಚ್ಚಿನ ಜೊತೆ. ತಪ್ಪು ಕಾಕಂಬಿಯದಲ್ಲ, ಅಳತೆಯದು.

ಕಣಿಕೆ ಬಿಟ್ಟ ಆಕಳಿಗೆ ಕಾಕಂಬಿ, ನುಚ್ಚು ಎರಡನ್ನೂ ಇವತ್ತೇ ನಿಲ್ಲಿಸಿ. ಒಣ ಹುಲ್ಲು, ನೀರು ಮುಂದಿಡಿ, ನಿಮ್ಮೂರ ಪಶು ವೈದ್ಯರಿಗೆ ತೋರಿಸಿ. ಅಡುಗೆ ಸೋಡಾ ಕುಡಿಸಲಾ ಅಂತ ಕೇಳುವವರು ಬಹಳ ಜನ ಇದ್ದಾರೆ. ಬೇಕಾಗಬಹುದು, ಆದರೆ ಎಷ್ಟು ಅನ್ನುವುದನ್ನು ದನ ನೋಡಿದವರೇ ಹೇಳಲಿ. ಉಳಿದ ಎರಡಕ್ಕೆ ಕಾಕಂಬಿ ಅರ್ಧ ಕೆಜಿಗೆ ಇಳಿಸಿ, ಅದನ್ನೂ ಎರಡು ಹೊತ್ತಿಗೆ ಹಂಚಿ. ನುಚ್ಚನ್ನೂ ಕಡಿಮೆ ಮಾಡಿ.

ಒಳಗೆ ಏನಾಗಿದೆ ಅಂತ ಹೇಳುತ್ತೇನೆ. ಆಕಳು ತಿಂದ ಮೇವು ಮೊದಲು ಹೋಗುವುದು ದೊಡ್ಡ ಹೊಟ್ಟೆಗೆ, ನಾವು ರುಮೆನ್ ಅನ್ನುತ್ತೇವಲ್ಲ, ಅಲ್ಲಿಗೆ. ಅಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಇರುತ್ತವೆ. ನಾವು ಹಾಕುವ ಮೇವು ನಿಜವಾಗಿ ಅವುಗಳಿಗೇ ಊಟ. ಕಣಿಕೆ ಹಾಕಿದರೆ ಅವು ನಿಧಾನಕ್ಕೆ ಕೊಳೆಸಿ ಅಸಿಟಿಕ್ ಆಮ್ಲ ಮಾಡುತ್ತವೆ. ಹಾಲಿನ ಫ್ಯಾಟ್‌ಗೆ ದೊಡ್ಡ ಕಚ್ಚಾಮಾಲು ಅದೇ. ನುಚ್ಚು, ಹಿಟ್ಟು ಹಾಕಿದರೆ ಪ್ರೊಪಿಯಾನಿಕ್ ಆಮ್ಲ ಜಾಸ್ತಿ. ಅದು ಲಿವರ್‌ನಲ್ಲಿ ಗ್ಲುಕೋಸ್ ಆಗುತ್ತದೆ, ಗ್ಲುಕೋಸ್‌ನಿಂದ ಹಾಲಿನ ಸಕ್ಕರೆ, ಅದರಿಂದ ಹಾಲಿನ ಪ್ರಮಾಣ. ಕಾಕಂಬಿಯ ಸಕ್ಕರೆ ಬಹಳ ಬೇಗ ಹುದುಗುತ್ತದೆ, ಬ್ಯುಟಿರಿಕ್ ಅನ್ನುವ ಇನ್ನೊಂದು ಆಮ್ಲವನ್ನು ಜಾಸ್ತಿ ಮಾಡುತ್ತದೆ. ಅದೂ ಫ್ಯಾಟ್‌ಗೇ ಹೋಗುವಂಥದ್ದು. ಹಾಗಾಗಿ ನುಚ್ಚನ್ನು ಒಂದಿಷ್ಟು ತೆಗೆದು ಆ ಜಾಗಕ್ಕೆ ಸ್ವಲ್ಪ ಕಾಕಂಬಿ ಹಾಕಿದವರಿಗೆ ಫ್ಯಾಟ್ ಒಂದೆರಡು ಪಾಯಿಂಟ್ (0.1-0.2) ಏರುವುದೂ ಉಂಟು. ನೀವು ನುಚ್ಚು ತೆಗೆಯದೆ ಅದರ ಮೇಲೆಯೇ ಕಾಕಂಬಿ ಸುರಿದಿದ್ದೀರಿ. ಹುಳಿ ಒಮ್ಮೆಲೇ ಏರಿದರೆ ನಾರು ಕೊಳೆಸುವ ಜೀವಿಗಳು ಕೆಲಸ ನಿಲ್ಲಿಸುತ್ತವೆ. ನಾರು ಕರಗದಿದ್ದರೆ ಅಸಿಟಿಕ್ ಇಲ್ಲ, ಅಸಿಟಿಕ್ ಇಲ್ಲದಿದ್ದರೆ ಫ್ಯಾಟ್ ಇಲ್ಲ. ಕೊಳೆಯದ ಕಣಿಕೆ ಹೊಟ್ಟೆಯಲ್ಲೇ ಕೂತಿರುತ್ತದೆ, ಅದಕ್ಕೇ ಆಕಳು ಮುಂದಿನ ಕಣಿಕೆ ಮೂಸಿ ಬಿಡುವುದು. ಸೆಗಣಿ ನೀರಾಗಲು ಇನ್ನೊಂದು ಕಾರಣವೂ ಇದೆ. ಕಾಕಂಬಿಯಲ್ಲಿ ಪೊಟ್ಯಾಸಿಯಂ ತುಂಬಾ, ಜಾಸ್ತಿಯಾದರೆ ಭೇದಿ ಆಗುತ್ತದೆ.

ಹಾಗಾದರೆ ಮೊದಲ ನಾಲ್ಕೈದು ದಿನ ಹಾಲು ಏರಿದ್ದು? ಅದು ಸುಳ್ಳಲ್ಲ. ನಿಮ್ಮ ಆಕಳಿಗೆ ಶಕ್ತಿ ಕಡಿಮೆ ಬೀಳುತ್ತಿತ್ತು, ಸಿಕ್ಕಿದ ಕೂಡಲೇ ಕೊಟ್ಟಿತು. ಹೊಟ್ಟೆತುಂಬ ಹಸಿರು, ಹಿಂಡಿ ತಿನ್ನುವ ಆಕಳಿಗೆ ಕಾಕಂಬಿ ಹಾಕಿದರೆ ಅಷ್ಟೂ ಏರುವುದಿಲ್ಲ. ಕಾಕಂಬಿ ಹಾಲಿನ ಔಷಧಿ ಅಲ್ಲ. ಕೆಜಿಗೆ ಕೆಜಿ ಹಿಡಿದರೆ ಗೋವಿನಜೋಳಕ್ಕಿಂತ ಶಕ್ತಿಯೂ ಕಡಿಮೆ, ಏಕೆಂದರೆ ಅದರಲ್ಲಿ ಕಾಲು ಭಾಗ ಬರೀ ನೀರು. ಪ್ರೋಟೀನ್ ಅಂತೂ ನೂರಕ್ಕೆ ನಾಲ್ಕೈದು, ಅಷ್ಟೇ. ರಂಜಕ (ಫಾಸ್ಫರಸ್) ಇಲ್ಲವೇ ಇಲ್ಲ ಅನ್ನುವಷ್ಟು. ಹಿಂಡಿ ಬಿಟ್ಟು ಕಾಕಂಬಿ ಹಾಕುತ್ತೇನೆ ಅನ್ನುವವರಿಗೆ ನಾನು ಬೇಡ ಅನ್ನುವುದು ಇದಕ್ಕೇ. ಹತ್ತಿಕಾಳು ಹಿಂಡಿಯೋ ಶೇಂಗಾ ಹಿಂಡಿಯೋ, ಅದರ ಜಾಗ ಅದಕ್ಕೆ ಇರಲಿ, ಖನಿಜ ಮಿಶ್ರಣವೂ ಇರಲಿ.

ಲೆಕ್ಕ ಹೀಗೆ ಇಟ್ಟುಕೊಳ್ಳಿ. 400 ಕೆಜಿ ತೂಕದ ಹಾಲಿನ ಆಕಳು ದಿನಕ್ಕೆ ಒಣ ಲೆಕ್ಕದಲ್ಲಿ, ಅಂದರೆ ಮೇವಿನ ನೀರಿನಂಶ ಬಿಟ್ಟು, ಸುಮಾರು 12 ಕೆಜಿ ತಿನ್ನುತ್ತದೆ. ಅದರ ನೂರಕ್ಕೆ ಐದು ಅಂದರೆ 600 ಗ್ರಾಂ. ಅರ್ಧ ಕೆಜಿಯಿಂದ ಮುಕ್ಕಾಲು ಕೆಜಿ ಸಾಕು, ಒಂದು ಕೆಜಿ ದಾಟಬೇಡಿ. ಶುರು ಮಾಡುವಾಗ 100 ಗ್ರಾಂ, ಹತ್ತು ದಿನದಲ್ಲಿ ಮೆಲ್ಲಗೆ ಏರಿಸಿ. ಇನ್ನೊಂದು ಮಾತು. ನೀವು ಚೀಲದ ಪಶು ಆಹಾರ ಹಾಕುತ್ತಿದ್ದರೆ ಚೀಲ ಬಿಚ್ಚಿ ಮೂಸಿ ನೋಡಿ. ಸಿಹಿ ವಾಸನೆ ಬರುತ್ತದಲ್ವಾ? ಅದರಲ್ಲಿ ಆಗಲೇ ಕಾಕಂಬಿ ಇರುತ್ತದೆ. ಗುಳಿಗೆ ಪುಡಿಯಾಗದಂತೆ ಅಂಟಿಸಲು, ರುಚಿಗೆ.

ಸರಿಹೋಗಿದೆಯೋ ಇಲ್ಲವೋ ಅಂತ ತಿಳಿಯಲು ಡೈರಿಯ ಚೀಟಿ ಬರುವ ತನಕ ಕಾಯಬೇಕಿಲ್ಲ. ಮಧ್ಯಾಹ್ನ ಆಕಳು ಮಲಗಿ ಮೆಲುಕು ಹಾಕುವಾಗ ಹತ್ತಿರ ಕೂತು ಎಣಿಸಿ. ಒಂದು ಉಂಡೆ ಗಂಟಲಿನಿಂದ ಮೇಲೆ ಬರುವುದು ಕುತ್ತಿಗೆಯಲ್ಲಿ ಕಾಣುತ್ತದೆ, ಅದನ್ನು ನುಂಗುವ ತನಕ 50-60 ಸಲ ಅಗಿಯಬೇಕು. ಮೂವತ್ತಕ್ಕೇ ನುಂಗಿತು ಅಂದರೆ ನಾರು ಕಡಿಮೆಯಾಗಿದೆ. ಸೆಗಣಿ ಬಿದ್ದರೆ ದಪ್ಪ ರೊಟ್ಟಿಯ ಹಾಗೆ ದುಂಡಗೆ ಕೂರಬೇಕು, ಗೋಡೆಗೆ ಚಿಮ್ಮಬಾರದು. ಅದರಲ್ಲಿ ಹಳದಿ ನುಚ್ಚು ಹಾಗೇ ಕಾಣುತ್ತಿದ್ದರೆ ನಿಮ್ಮ ದುಡ್ಡು ತಿಪ್ಪೆಗೆ ಹೋಗುತ್ತಿದೆ ಅಂತಲೇ ಅರ್ಥ.

ಸರ್, ನಾನು ಕುಂದಗೋಳ ಕಡೆಯವಳು. ಎರಡು ಆಕಳಿಗೆ ದಿನಾ ಸ್ವಲ್ಪ ಕಾಕಂಬಿ ಹಾಕುತ್ತೇನೆ. ಡೈರಿಯಲ್ಲಿ ಹಾಲಿಗೆ ಸಕ್ಕರೆ ಹಾಕಿದ್ದಾರೆಯೇ ಅಂತ ಟೆಸ್ಟ್ ಮಾಡುತ್ತಾರಂತೆ. ಕಾಕಂಬಿ ತಿಂದ ಆಕಳ ಹಾಲು ಸಿಹಿಯಾಗಿ ಟೆಸ್ಟ್‌ನಲ್ಲಿ ಸಿಕ್ಕಿಬೀಳುತ್ತದೆ, ಹೆಸರು ಕೆಡಿಸಿಕೊಳ್ಳಬೇಡ ಅಂತ ಓಣಿಯವರು ಹೆದರಿಸುತ್ತಿದ್ದಾರೆ. ಹೌದಾ?

ಇಲ್ಲ ಅಕ್ಕಾರೇ, ಸುಮ್ನೆ ಹೆದರಬೇಡಿ. ಈ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು.

ಆಕಳು ತಿಂದ ಸಕ್ಕರೆ ಸಕ್ಕರೆಯಾಗಿಯೇ ಕೆಚ್ಚಲಿಗೆ ಹೋಗುವುದಿಲ್ಲ. ದೊಡ್ಡ ಹೊಟ್ಟೆಯ ಜೀವಿಗಳು ಅದನ್ನು ಹೆಚ್ಚುಕಡಿಮೆ ಪೂರ್ತಿ ತಿಂದುಬಿಡುತ್ತವೆ. ಹಾಲಿನಲ್ಲಿರುವ ಸಿಹಿ ಬೇರೆ, ಅದು ಲ್ಯಾಕ್ಟೋಸ್, ಕೆಚ್ಚಲೊಳಗೇ ತಯಾರಾಗುತ್ತದೆ. ಆಕಳ ಹಾಲಿನಲ್ಲಿ ಅದು ಯಾವಾಗಲೂ ನೂರಕ್ಕೆ ನಾಲ್ಕೂವರೆ, ಐದರ ಒಳಗೆ. ಏನು ತಿನ್ನಿಸಿದರೂ ಅಲುಗುವುದಿಲ್ಲ ಅನ್ನಬಹುದು. ಏಕೆಂದರೆ ಲ್ಯಾಕ್ಟೋಸ್ ಎಷ್ಟು ತಯಾರಾಗುತ್ತದೋ ಅದಕ್ಕೆ ತಕ್ಕಷ್ಟು ನೀರನ್ನು ಎಳೆದುಕೊಳ್ಳುತ್ತದೆ. ಜಾಸ್ತಿ ತಯಾರಾದರೆ ಹಾಲು ಜಾಸ್ತಿ ಆಗುತ್ತದೆ, ಸಿಹಿ ಜಾಸ್ತಿ ಆಗುವುದಿಲ್ಲ. ಧಾರವಾಡ ಪೇಡೆಗೆ ಸಕ್ಕರೆ ಬೇರೆಯಾಗಿಯೇ ಹಾಕಬೇಕು, ಕಬ್ಬು ತಿಂದ ಎಮ್ಮೆಯ ಹಾಲಾದರೂ!

ಇನ್ನು ಟೆಸ್ಟ್. ಹಾಲಿಗೆ ನೀರು ಬೆರೆಸಿದವರು ಲ್ಯಾಕ್ಟೋಮೀಟರ್ (ಹಾಲಿನ ಸಾಂದ್ರತೆ ಅಳೆಯುವ ಕೊಳವೆ) ಡಿಗ್ರಿ ಏರಿಸಲು ಸಕ್ಕರೆ ಹಾಕುತ್ತಾರೆ, ಅದನ್ನು ಹಿಡಿಯಲು ಈ ಪರೀಕ್ಷೆ. ಹಾಲಿಗೆ ಆಮ್ಲ ಮತ್ತು ರೆಸಾರ್ಸಿನಾಲ್ ಅನ್ನುವ ರಾಸಾಯನಿಕ ಹಾಕಿ ಬಿಸಿನೀರಲ್ಲಿ ಇಡುತ್ತಾರೆ. ನಾವು ಚಹಾಕ್ಕೆ ಹಾಕುವ ಸಕ್ಕರೆ ಇದ್ದರೆ ಕೆಂಪಾಗುತ್ತದೆ, ಏಕೆಂದರೆ ಆ ಸಕ್ಕರೆಯಲ್ಲಿ ಫ್ರಕ್ಟೋಸ್ ಇದೆ. ಲ್ಯಾಕ್ಟೋಸ್‌ನಲ್ಲಿ ಫ್ರಕ್ಟೋಸ್ ಇಲ್ಲ. ನಿಮ್ಮ ಹಾಲು ಕೆಂಪಾಗುವುದಿಲ್ಲ. ಒಂದೇ ಎಚ್ಚರಿಕೆ, ಕಾಕಂಬಿ ಕಲಸಿದ ಬಕೆಟ್ಟಿನಲ್ಲೇ ಹಾಲು ಹಿಂಡಬೇಡಿ, ಕಲಸಿದ ಕೈ ತೊಳೆಯದೆ ಕೆಚ್ಚಲು ಮುಟ್ಟಬೇಡಿ. ಆಗ ಟೆಸ್ಟ್ ಕೆಂಪಾದರೆ ತಪ್ಪು ಆಕಳದ್ದಲ್ಲ.

ಗದಗ ಜಿಲ್ಲೆಯ ಬೆಳವಲದವನು ನಾನು. ಮಳೆ ಕೈಕೊಟ್ಟಿದೆ, ಹಸಿರು ಇಲ್ಲ. ಬಿಳಿಜೋಳದ ಕಣಿಕೆ, ಕಡಲೆ ಹೊಟ್ಟು ಮಾತ್ರ ಇದೆ. ಎಮ್ಮೆಗಳು ಅರ್ಧ ತಿಂದು ಅರ್ಧ ತುಳಿಯುತ್ತವೆ. ಕಾಕಂಬಿ ಚಿಮುಕಿಸಿದರೆ ತಿನ್ನುತ್ತವೆ ಅಂತಾರೆ. ಯೂರಿಯಾ ಬೆರೆಸಬೇಕಾ?

ಕಾಕಂಬಿಗೆ ನಿಜವಾದ ಕೆಲಸ ಇರುವುದು ನಿಮ್ಮಂಥವರ ಗೋದಲಿಯಲ್ಲೇ. ಕಣಿಕೆಯನ್ನು ಎರಡು ಬೆರಳಗಲ ಕತ್ತರಿಸಿ. ಐದಾರು ಕೆಜಿ ಕಣಿಕೆಗೆ ಅರ್ಧ ಕೆಜಿ ಕಾಕಂಬಿ, ಎರಡು ಲೀಟರ್ ನೀರು. ಚಳಿಗಾಲದಲ್ಲಿ ಕಾಕಂಬಿ ಅಂಟು ಹಾಗೆ ಗಟ್ಟಿಯಾಗಿ ಕೂತಿರುತ್ತದೆ, ಉಗುರುಬೆಚ್ಚಗಿನ ನೀರು ಬೇಕು. ಗಿಡಕ್ಕೆ ನೀರು ಹಾಕುವ ಕ್ಯಾನಿನಿಂದ ಚಿಮುಕಿಸಿ ಕೈಯಾಡಿಸಿ. ಕಡಲೆ ಹೊಟ್ಟಿನ ಧೂಳೂ ಕೂರುತ್ತದೆ, ಎಮ್ಮೆ ಸೀನುವುದು ಕಡಿಮೆಯಾಗುತ್ತದೆ. ಅವತ್ತಿನದು ಅವತ್ತೇ ಕಲಸಿ.

ಯೂರಿಯಾ ವಿಷಯದಲ್ಲಿ ನಾನು ಹೆದರುಪುಕ್ಕಲ. ನಿಜ, ಒಣ ಮೇವು ಮಾತ್ರ ತಿನ್ನುವ ದನಕ್ಕೆ ಸಾರಜನಕ ಬೇಕು, ರುಮೆನ್ ಜೀವಿಗಳು ಯೂರಿಯಾದಿಂದ ಪ್ರೋಟೀನ್ ಮಾಡಿಕೊಳ್ಳುತ್ತವೆ, ಜೊತೆಗೆ ಕಾಕಂಬಿಯ ಸಕ್ಕರೆ ಇದ್ದರೆ ಇನ್ನೂ ಚೆನ್ನಾಗಿ. ಆದರೆ ಬಕೆಟ್ಟಿನ ತಳದಲ್ಲಿ ಕರಗದೆ ಉಳಿದ ಯೂರಿಯಾ ಎಮ್ಮೆಯ ಜೀವಕ್ಕೇ ಕುತ್ತು ತರಬಹುದು. ಅಂದಾಜಿನಲ್ಲಿ ಕಲಸುವ ಸಾಮಾನು ಅದಲ್ಲ. ಬೇಕಿದ್ದರೆ ತಯಾರಾದ ಯೂರಿಯಾ-ಕಾಕಂಬಿ ನೆಕ್ಕುವ ಇಟ್ಟಿಗೆ ತಂದು ಕಟ್ಟಿ. ಅದು ಗಟ್ಟಿ ಇರುವುದರಿಂದ ದನ ನೆಕ್ಕಿ ನೆಕ್ಕಿ ನಿಧಾನಕ್ಕೆ ತಿನ್ನುತ್ತದೆ. ಹಸಿದ ಹೊಟ್ಟೆಗೆ ಬೇಡ, ಮಳೆಗೆ ನೆನೆಯಬಾರದು, ಪುಡಿಮಾಡಿ ನೀರಿಗೆ ಹಾಕಬಾರದು. ಆರು ತಿಂಗಳೊಳಗಿನ ಕರುವಿಗೆ ತೋರಿಸಲೂ ಬೇಡಿ. ಇಲ್ಲವೇ ಕಣಿಕೆಯನ್ನೇ ಯೂರಿಯಾದಲ್ಲಿ ಹದ ಮಾಡಬಹುದು. 100 ಕೆಜಿಗೆ 4 ಕೆಜಿ ಯೂರಿಯಾ, 50 ಲೀಟರ್ ನೀರು, ಗಾಳಿಯಾಡದಂತೆ ತಾಡಪತ್ರಿ ಮುಚ್ಚಿ 21 ದಿನ. ಮೊದಲ ಸಲ ಮಾಡುವಾಗ ಪಶು ವೈದ್ಯರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಮಾಡಿ.

ಆಕಳು ಕರು ಹಾಕಿದ ದಿನ ನಮ್ಮ ಅತ್ತೆ ಬೆಲ್ಲದ ನೀರು ಕುಡಿಸುತ್ತಾರೆ. ಬೆಲ್ಲ ತುಟ್ಟಿ ಆಗಿದೆ, ಅದರ ಬದಲು ಕಾಕಂಬಿ ಆಗುತ್ತದಾ? (ಧಾರವಾಡ)

ಆ ದಿನ ಕಾಲು ಕೆಜಿ ಬೆಲ್ಲ ಬಿಸಿನೀರಲ್ಲಿ ಕುಡಿಸಿದರೆ ಏನೂ ತೊಂದರೆ ಇಲ್ಲ. ಅತ್ತೆಯವರ ಜೊತೆ ಜಗಳ ಬೇಡ. ಹೆಚ್ಚಿನ ಲಾಭ ಆ ಬಕೆಟ್ ತುಂಬ ಬೆಚ್ಚನೆ ನೀರಿನದು, ಬೆಲ್ಲ ಕುಡಿಯಲು ಆಸೆ ಹಚ್ಚುತ್ತದೆ. ಕಾಕಂಬಿ ಹಾಕಿದರೂ ನಡೆಯುತ್ತದೆ, ಅಷ್ಟೇ ಅಳತೆ. ಆದರೆ ಈಯುವ ಮೊದಲಿನ ಮೂರು ವಾರ ಕಾಕಂಬಿ ಬೇಡವೇ ಬೇಡ. ಅದರ ಪೊಟ್ಯಾಸಿಯಂ ಹಾಲುಜ್ವರಕ್ಕೆ, ಅಂದರೆ ಈದ ಹೊತ್ತಿಗೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ಆಕಳು ನೆಲ ಹಿಡಿಯುವ ರೋಗಕ್ಕೆ, ದಾರಿ ಮಾಡಬಹುದು. ಇನ್ನೊಂದು, ಈದ ಎರಡು ಮೂರು ವಾರದಲ್ಲಿ ಆಕಳು ಹಿಂಡಿ ಬಿಟ್ಟು, ಸೊರಗಿ, ಹಾಲು ಇಳಿಸಿದರೆ ಅದು ಕೀಟೋಸಿಸ್ ಇರಬಹುದು, ಅಂದರೆ ಶಕ್ತಿ ಸಾಲದೆ ಮೈಕೊಬ್ಬು ಕರಗಿ ಕೀಟೋನ್ ಅನ್ನುವ ವಸ್ತು ರಕ್ತದಲ್ಲಿ ತುಂಬುವ ರೋಗ. ಸಕ್ಕರೆ ಕಮ್ಮಿಯಾಗಿದೆ ಅಂತ ಜನ ಆಗ ಬೆಲ್ಲ, ಕಾಕಂಬಿ ಸುರಿಯುತ್ತಾರೆ. ಆ ಸಿಹಿ ರಕ್ತಕ್ಕೆ ಹೋಗುವುದೇ ಇಲ್ಲವಲ್ಲ, ಬ್ಯುಟಿರಿಕ್ ಆಗಿ ಕೀಟೋನ್‌ಗೇ ಕೂಡಿಕೊಳ್ಳುತ್ತದೆ. ಅದಕ್ಕೆ ನರಕ್ಕೆ ಗ್ಲುಕೋಸ್ ಬೇಕು, ಡಾಕ್ಟರ್ ಬೇಕು.

ಕಾಕಂಬಿಯಿಂದ ಸಾರಾಯಿ ಮಾಡುತ್ತಾರಲ್ಲ. ಅದನ್ನು ತಿಂದ ಆಕಳ ಹಾಲು ಮಕ್ಕಳಿಗೆ ಕೊಡಬಹುದೇ, ನಶೆ ಗಿಶೆ ಬರುವುದಿಲ್ಲವೇ? (ರಾಣೆಬೆನ್ನೂರು)

ಕೊಡಿ ಕೊಡಿ. ಕಾಕಂಬಿಯಿಂದ ಸ್ಪಿರಿಟ್ ತೆಗೆಯುತ್ತಾರೆ ನಿಜ, ಅದಕ್ಕೇ ಅದರ ಮೇಲೆ ಅಬಕಾರಿ ಇಲಾಖೆಯ ಕಣ್ಣು. ಜಾಸ್ತಿ ತರುವವರು ಪರವಾನಗಿ ವಿಚಾರಿಸಿಕೊಂಡೇ ತನ್ನಿ. ಆದರೆ ಗಟ್ಟಿ ಕಾಕಂಬಿಯಲ್ಲಿ ನಶೆ ಇಲ್ಲ.

ದನಕ್ಕೆ ನಶೆ ಬಂದ ಹಾಗೆ ಕಾಣುವುದು ಮಾತ್ರ ಉಂಟು. ನಾನು ನೌಕರಿಗೆ ಸೇರಿದ ಹೊಸದರಲ್ಲಿ ರಾತ್ರಿ ಹನ್ನೊಂದಕ್ಕೆ ಒಬ್ಬರು ಬಂದು ಕರೆದರು. ಹೋರಿಯೊಂದು ಹಗ್ಗ ಬಿಚ್ಚಿಕೊಂಡು ಕಾಕಂಬಿ ಡ್ರಮ್ಮಿಗೆ ಬಾಯಿ ಹಾಕಿತ್ತು. ಮುಖವೆಲ್ಲ ಕಪ್ಪಗೆ ಅಂಟು, ಕಾಲು ಕತ್ತರಿ ಹಾಕಿ ತೂಗಾಡುತ್ತಿತ್ತು. ಮನೆಯವರು ನಗುತ್ತಿದ್ದರು, ಕುಡಿದು ಬಂದ ಅಳಿಯನ ಹಾಗಿದೆ ಅಂತ. ನನಗೆ ನಗು ಬರಲಿಲ್ಲ, ಏಕೆಂದರೆ ಅದು ಹೊಟ್ಟೆಯ ಹುಳಿ ರಕ್ತಕ್ಕೆ ಏರಿದ್ದು. ಬೆಳಗಿನ ಜಾವದ ತನಕ ಸೋಡಾ, ಸಲೈನ್ ಅಂತ ಒದ್ದಾಡಿದೆವು, ಉಳಿಯಿತು. ಕ್ಯೂಬಾ ದೇಶದಲ್ಲಿ ಹುಲ್ಲು ಬಹಳ ಕಡಿಮೆ ಮಾಡಿ ಕಾಕಂಬಿಯನ್ನೇ ಮುಖ್ಯ ಮೇವು ಮಾಡಿ ದನ ಸಾಕಿದ್ದರು. ಅಲ್ಲಿಯೂ ದನ ತೂರಾಡತೊಡಗಿದವು, ಕಣ್ಣು ಕಾಣದಾದವು. ಆ ರೋಗಕ್ಕೆ ಅಲ್ಲಿನ ಭಾಷೆಯಲ್ಲಿ ಇಟ್ಟ ಹೆಸರಿನ ಅರ್ಥವೂ ಅಮಲು ಅಂತಲೇ. ಮಿದುಳಿಗೆ ಬೇಕಾದ ಪೋಷಣೆ ಸಿಗದೆ ಆಗುವ ರೋಗ ಅದು, ನಶೆಯಲ್ಲ.

ಡ್ರಮ್ಮಿನ ಮುಚ್ಚಳ ಬಿಗಿ ಇರಲಿ, ಒಳಗೆ ನೀರು ಬೀಳದಿರಲಿ. ನೀರು ಬಿದ್ದ ಕಾಕಂಬಿ ನೊರೆಯೆದ್ದು ಹೆಂಡದ ವಾಸನೆ ಬಂದರೆ ದನಕ್ಕೆ ಹಾಕಬೇಡಿ, ತಿಪ್ಪೆಗುಂಡಿಗೆ ಸುರಿದು ಮೇಲೆ ಮಣ್ಣು ಎಳೆಯಿರಿ. ಇಲ್ಲದಿದ್ದರೆ ಓಣಿಯ ನೊಣವೆಲ್ಲ ನಿಮ್ಮ ಮನೆಗೇ.