ನೆರೆ ಬರುವ ಗದ್ದೆಗೆ ಎಐ ಭತ್ತ ಬರುತ್ತದಾ?

ಪ್ರಶ್ನೆ: ನಮ್ಮದು ಕಟಪಾಡಿ ಹತ್ತಿರ ಹೊಳೆಬದಿ ಗದ್ದೆ. ಆಟಿ ತಿಂಗಳ (ಆಷಾಢದ) ನೆರೆಗೆ ನೇಜಿ, ಅಂದರೆ ಭತ್ತದ ಸಸಿ, ವಾರಗಟ್ಟಲೆ ಮುಳುಗಿರುತ್ತದೆ. ಎಐ ಹೊಸ ತಳಿ ಮಾಡುತ್ತದಂತೆ, ಹೌದಾ?

ಉತ್ತರ: ಮಾಡುವುದಿಲ್ಲ ಮಾರಾಯ್ರೇ, ಆರಿಸಲು ನೆರವಾಗುತ್ತದೆ. ಎರಡು ತಳಿ ಕ್ರಾಸ್ ಮಾಡಿದರೆ ಸಾವಿರಾರು ಬಗೆಯ ಸಸಿ ಸಿಗುತ್ತವೆ. ಎಲ್ಲವನ್ನೂ ಬೆಳೆಸಿ ನೋಡುವುದರಲ್ಲೇ ವರ್ಷಗಳು ಹೋಗುತ್ತವೆ. ಈಗ ಎಳೆ ಎಲೆಯ ಚೂರು ಸಾಕು, ಡಿಎನ್‌ಎ ಓದುತ್ತಾರೆ. ಹಿಂದಿನ ಬೆಳೆಗಳ ಇಳುವರಿ, ಎತ್ತರ, ರೋಗದ ಲೆಕ್ಕ ಕಲಿತ ಕಂಪ್ಯೂಟರ್, ಅದೇ ಎಐ, ಯಾವ ಸಸಿ ಉಳಿಸಬೇಕೆಂದು ಅಂದಾಜು ಹೇಳುತ್ತದೆ. ಇಳುವರಿಗೆ ಹತ್ತಾರು ಜೀನ್ ಸೇರುವುದರಿಂದ ಅಲ್ಲಿ ಇದರ ಉಪಯೋಗ ಜಾಸ್ತಿ. ಕೊನೆಗೆ ಗದ್ದೆಯಲ್ಲಿ ಬೆಳೆಸಿ ನೋಡಲೇಬೇಕು.

ನೆರೆಗಾದರೆ ಸುಮ್ನೆ ಎಐಗೆ ಕಾಯಬೇಡಿ. ಒಡಿಶಾದ ಹಳೇ ಭತ್ತವೊಂದರಲ್ಲಿ ಮುಳುಗಡೆ ತಾಳಿಕೊಳ್ಳುವ ಸಬ್1ಎ ಎಂಬ ಜೀನ್ ಇದೆ ಎಂದು 2006ರಲ್ಲೇ ತಿಳಿಯಿತು. ಅದನ್ನು ಸೇರಿಸಿದ ಸ್ವರ್ಣ-ಸಬ್1 ತಳಿ ಸುಮಾರು ಎರಡು ವಾರ ಮುಳುಗಿದರೂ ಚಿಗುರುತ್ತದೆ. ಆದರೆ ಅದು ಬಿಳಿ ಅಕ್ಕಿ. ನಮ್ಮ ಗಂಜಿಗೆ ಕೆಂಪು ಕುಚ್ಚಲಕ್ಕಿಯೇ ಆಗಬೇಕಲ್ವಾ? ತಗ್ಗು ಗದ್ದೆಗೆಂದೇ ಬಂದ ಕೆಂಪಕ್ಕಿ ತಳಿ ಸಹ್ಯಾದ್ರಿ ಪಂಚಮುಖಿ. ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ. ನೀರು ಎಷ್ಟು ದಿನ ನಿಲ್ಲುತ್ತದೆ, ಉಪ್ಪುನೀರು ನುಗ್ಗುತ್ತದಾ ಎಂಬುದನ್ನೂ ಹೇಳಿ. ಸಬ್1ಎ ಉಪ್ಪಿಗೆ ಮದ್ದಲ್ಲ.